ಪೆನ್ಸಿಲ್ಲಿನಲ್ಲಿ ಬರೆದ ಹೆಸರು

ಕಳೆದ ಗುರುವಾರ ಸಂಜೆ ಮಸ್ಕತ್ತಿನ ಕಡೆಯ ಬರ್ಕಾ ಪೇಟೆಯ ಒಂದು ಅತ್ತಾರ್ ಅಂಗಡಿಗೆ ಒಣನಿಂಬೆ ಕೊಳ್ಳಲು ಹೋಗಿದ್ದೆ. ಅತ್ತಾರ್ ಅಂದರೆ ನಮ್ಮ ಕಡೆಯ ಗ್ರಂಧಿಗೆ ಅಂಗಡಿ ಇದ್ದ ಹಾಗೆ. ಬೇರು, ತೊಗಟೆ, ಬೀಜ, ಲೋಬಾನ ಎಲ್ಲವನ್ನೂ ಚೀಲದ ಬಾಯಿ ಮಡಚಿ ಸಾಲಾಗಿ ಇಟ್ಟಿರುತ್ತಾರೆ. ನನ್ನ ಮಾತು ಕೇಳುವುದಾದರೆ ಒಣನಿಂಬೆಯನ್ನು ಯಾವತ್ತೂ ಮೇಲಿನಿಂದ ಆರಿಸಬೇಡಿ. ಕೈಯನ್ನು ಮೊಳಕೈತನಕ ಚೀಲಕ್ಕೆ ಇಳಿಸಿ, ತಳದ್ದನ್ನು ತೆಗೆದು, ಕಿವಿಯ ಹತ್ತಿರ ಅಲುಗಾಡಿಸಿ ನೋಡಿ. ಒಳಗೆ ಬೀಜ ಸದ್ದು ಮಾಡಿದರೆ ಮಾತ್ರ ತಕ್ಕಡಿಗೆ ಹಾಕಿಸಿ.

ಹಾಗೆ ಕೈ ಇಳಿಸಲು ಬಗ್ಗಿದಾಗ ಪಕ್ಕದ ಚೀಲದ ವಾಸನೆ ಮೂಗಿಗೆ ಬಡಿಯಿತು. ಒಗರು ವಾಸನೆ, ನೀರು ಬಿದ್ದ ಹಳೆಯ ಮರದ ಪೆಟ್ಟಿಗೆಯದ್ದರಂತೆ. ನೋಡಿದರೆ ಕಂದುಬಣ್ಣದ, ನುಣುಪಾದ, ಒಂದು ತುದಿ ಚೂಪಾದ ಕಾಯಿಗಳು. ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟು ದಪ್ಪ.

"ಬಲ್ಲೂತ್," ಎಂದ ಅಂಗಡಿಯವನು. "ಹೊಟ್ಟೆಗೆ ಒಳ್ಳೇದು ಭಾಯ್, ತಗೊಳ್ಳಿ."

ಅದು ಓಕ್ ಮರದ ಕಾಯಿ. ಈ ದೇಶದಲ್ಲಿ ಬೆಳೆಯುವುದಲ್ಲ, ಇರಾನಿನ ಕಡೆಯಿಂದ ಬರುತ್ತದೆ. ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಣನಿಂಬೆಯನ್ನೂ ಕೊಳ್ಳದೆ ಹೊರಗೆ ಬಂದು ಗಾಡಿಯಲ್ಲಿ ಕುಳಿತುಬಿಟ್ಟೆ. ಹನ್ನೊಂದು ವರ್ಷ ಆಯಿತು...

ಆಗ ನಾವು ಮಸ್ಕತ್ತಿನ ಅಲ್ ಅಜೈಬಾದಲ್ಲಿದ್ದೆವು. ನಮ್ಮದು ಮೂರನೆಯ ಮಹಡಿ. ಅಕ್ಕೋರದು ಸರಿಯಾಗಿ ನಮ್ಮ ತಲೆಯ ಮೇಲಿನ ಮನೆ. ಮೈಸೂರಿನವರು. ಇಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಬಯಾಲಜಿ ಕಲಿಸುತ್ತಿದ್ದರು, ಯಜಮಾನರು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಮಕ್ಕಳಿರಲಿಲ್ಲ. ಇಡೀ ಬಿಲ್ಡಿಂಗು ಅವರನ್ನು ಮ್ಯಾಡಂ ಎಂದರೆ ನಾನೊಬ್ಬ ಅಕ್ಕೋರು ಎನ್ನುತ್ತಿದ್ದೆ. ನಮ್ಮ ಬಾಗಲಕೋಟೆ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಹಾಗೇ ಹೇಳುವುದು. ಮೊದಲ ಸಲ ಕರೆದಾಗ ಅವರು ನಕ್ಕಿದ್ದರು. "ಅಕ್ಕೋರು ಅಂದ್ರೆ ಯಾವ್ದೋ ಹಕ್ಕಿ ಹೆಸರಿನ ಥರ ಇದೆ ರೀ. ಇರ್ಲಿ, ಚೆನ್ನಾಗಿದೆ, ಹಾಗೇ ಕರೀರಿ."

ಅಕ್ಕೋರಿಗೆ ಒಂದು ಹುಚ್ಚಿತ್ತು. ರಜೆಯ ದಿನ ಎಲ್ಲಿಗೆ ಹೋದರೂ, ವಾದಿಗೆ, ಅಂದರೆ ಇಲ್ಲಿನ ಒಣಹಳ್ಳಕ್ಕೆ ಹೋಗಲಿ, ಬೆಟ್ಟಕ್ಕೆ ಹೋಗಲಿ, ಎಲೆ ಕಿತ್ತು ತರುವುದು. ತಂದದ್ದನ್ನು ನ್ಯೂಸ್ ಪೇಪರಿನ ನಡುವೆ ಇಟ್ಟು ಇಪ್ಪತ್ತು ಕಿಲೋ ಸೋನಾ ಮಸೂರಿ ಚೀಲದ ಕೆಳಗೆ ಒತ್ತಲು ಬಿಡುವುದು. ಅನ್ನಕ್ಕೆ ಅಕ್ಕಿ ತೆಗೆಯಲು ಯಜಮಾನರು ಚೀಲ ಸರಿಸಿದರೆ, "ರೀ, ಮಂಗಳವಾರದವರೆಗೂ ಮುಟ್ಬೇಡಿ ಅಂದಿಲ್ವಾ" ಎಂಬ ದನಿ ನಮ್ಮ ಅಡುಗೆಮನೆಯ ಕಿಟಕಿಗೂ ಕೇಳುತ್ತಿತ್ತು. ಒಣಗಿದ ಎಲೆಯನ್ನು ದಪ್ಪ ಹಾಳೆಗೆ ಅಂಟಿಸಿ, ಕೆಳಗೆ ಹೆಸರು, ಸಿಕ್ಕಿದ ಜಾಗ, ತಂದವರು ಯಾರು ಎಂದು ಬರೆದಿಡುವರು. ಇಪ್ಪತ್ತು ವರ್ಷ ಹೀಗೆ ಮಾಡಿದ ನಾಲ್ಕು ದೊಡ್ಡ ಆಲ್ಬಂಗಳಿದ್ದವು.

ಹೆಸರು ಬರೆಯುವುದಕ್ಕೆ ಅವರದೊಂದು ಕ್ರಮವಿತ್ತು. ಮೊದಲು ಪೆನ್ಸಿಲ್. ಪೂರ್ತಿ ಖಾತ್ರಿಯಾದ ಮೇಲೆ ಶಾಯಿ. ಕೆಲವು ಎಲೆಗಳು ಆರು ವರ್ಷ, ಏಳು ವರ್ಷ ಪೆನ್ಸಿಲ್ಲಿನಲ್ಲೇ ಉಳಿದಿದ್ದವು.

"ಇದರಾಗ ಏನ್ ಸಿಗತೈತ್ರಿ ಅಕ್ಕೋರ?" ಎಂದು ಒಮ್ಮೆ ಕೇಳಿದ್ದೆ.

"ಏನೂ ಸಿಗಲ್ಲ. ಹೆಸರು ಸಿಗುತ್ತೆ."

"ಮತ್ತ ಬರದ್ ಮುಗಿಸ್ಬಾರದೇನ್ರಿ. ಪೆನ್ಸಿಲ್ ಯಾಕ?"

"ಪೆನ್ಸಿಲ್ ಇರೋವರೆಗೂ ನಾನು ತಪ್ಪಿರಬಹುದು," ಎಂದರು. "ಇಂಕ್ ಹಾಕಿದ ಮೇಲೆ ತಪ್ಪಿದ್ರೆ ಅದು ಸುಳ್ಳು."

ನನಗೆ ಆ ಮಾತು ಅತಿಯೆನಿಸಿತ್ತು. ನಾನು ದುಕ್ಮ್ ಎಂಬ ಊರಿನ ಕೆಲಸಗಾರರ ಕ್ಯಾಂಪಿನಲ್ಲಿ ಸ್ಟೋರ್ ಹುಡುಗನಾಗಿ ಶುರು ಮಾಡಿ, ಅರಬ್ಬಿಯನ್ನೂ ಮಲಯಾಳವನ್ನೂ ಲಾರಿ ಡ್ರೈವರುಗಳಿಂದ ಕಲಿತು, ಒಂದು ಕಟ್ಟಡ ಕಂಪನಿಯ ಪರ್ಚೇಸ್ ಮ್ಯಾನೇಜರ್ ಆದವನು. ನನ್ನ ಕೆಲಸದಲ್ಲಿ ಇಷ್ಟು ಅನುಮಾನ ಇಟ್ಟುಕೊಂಡರೆ ಒಂದು ಬಾಗಿಲೂ ಸೈಟಿಗೆ ಬರುವುದಿಲ್ಲ.

ಮಗಳು ಹನ್ನೊಂದನೇ ಕ್ಲಾಸಿಗೆ ಬಂದಾಗ ಬಯಾಲಜಿ ಎಂದರೆ ಅಳುತ್ತಿದ್ದಳು. ಅಕ್ಕೋರು ಎರಡು ವರ್ಷ, ವಾರಕ್ಕೆ ಮೂರು ದಿನ, ತಮ್ಮ ಊಟದ ಮೇಜಿನ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟರು. ಅವಳಿಗೆ ಬೆಳಗಾವಿಯಲ್ಲಿ ಫಾರ್ಮಸಿ ಸೀಟು ಸಿಕ್ಕಿತು. ನಾನು ಇಳಕಲ್ ಸೀರೆ ತೆಗೆದುಕೊಂಡು ಹೋದೆ. ವಾಪಸ್ ಕಳಿಸಿದರು. ಬೆಳ್ಳಿಯ ದೀಪ ಒಯ್ದೆ. ಬಾಗಿಲಲ್ಲೇ ಕೈಮುಗಿದರು. ಕೊಡುವುದಕ್ಕೆ ಬಂದವನನ್ನು ಹೀಗೆ ಬರಿಗೈಲಿ ಕಳಿಸಿದರೆ ನನ್ನಂಥವನಿಗೆ ನಿದ್ದೆ ಬರುವುದಿಲ್ಲ. ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ಅವರೇ ಕೆಳಗಿಳಿದು ಬಂದು ನಮ್ಮ ಬಾಗಿಲು ಬಡಿದರು.

"ನಿಮ್ಮ ಹೋಟೆಲ್ ಸೈಟು ಜಬಲ್ ಅಖ್ದರ್ ಬೆಟ್ಟದ ಮೇಲಿದೆ ಅಂದ್ರಲ್ಲ. ನೀವು ಅಲ್ಲಿಗೆ ಹೋಗ್ತಾ ಇರ್ತೀರಾ?"

"ವಾರಕ್ಕ ಎರಡ್ ಸಲ ಹೋಗ್ತೇನ್ರಿ ಅಕ್ಕೋರ."

"ಹಾಗಾದ್ರೆ ನನಗೆ ಒಂದು ರೆಂಬೆ ಬೇಕು."

ನಾನು ಮನಸ್ಸಿನಲ್ಲೇ ನಕ್ಕೆ. ಅಂತೂ ಏನೋ ಕೇಳಿದರಲ್ಲ ಎಂಬ ಸಮಾಧಾನ.

ಮೇಲೆ ತಮ್ಮ ಮನೆಗೆ ಕರೆದುಕೊಂಡು ಹೋಗಿ ಆಲ್ಬಮ್ಮಿನ ಒಂದು ಹಾಳೆ ತೋರಿಸಿ ಆ ಮರದ ವಿಷಯ ಹೇಳಿದರು. ಬಿರ್ಕತ್ ಅಲ್ ಮೌಜ್ ಚೆಕ್‌ಪೋಸ್ಟ್ ದಾಟಿ ಬೆಟ್ಟ ಹತ್ತುವಾಗ, ಇನ್ನೇನು ಮೇಲಿನ ಸಮತಟ್ಟು ಸಿಗಬೇಕು ಎನ್ನುವಲ್ಲಿ ಒಂದು ಬಲತಿರುವು ಬರುತ್ತದೆ. ಅಲ್ಲಿ ರಸ್ತೆಯ ಕಟ್ಟೆಯಿಂದ ನಾಲ್ಕೈದಾಳು ಕೆಳಗೆ, ಬಂಡೆಯ ಅಂಚಿನಲ್ಲಿ ಒಂದೇ ಒಂದು ಮರ. ಮಣ್ಣು ಕಾಣದ ಒಣ ಕಲ್ಲಿನಲ್ಲಿ ನಿಂತ ಹಳೆಯ ಮರ. ಅಕ್ಕೋರು ಎರಡು ವರ್ಷದಿಂದ ಅವರಿವರ ಗಾಡಿಯಲ್ಲಿ ಹೋಗಿ ದುರ್ಬೀನಿನಲ್ಲಿ ಅದನ್ನು ನೋಡಿ ಬಂದಿದ್ದರು. ಕೈಗೆ ಸಿಕ್ಕಿದ್ದು ಗಾಳಿಗೆ ರಸ್ತೆಗೆ ಹಾರಿಬಂದ ಹತ್ತಾರು ಎಲೆ ಮಾತ್ರ. ದಪ್ಪ ಎಲೆ, ಮೇಲೆ ಕಪ್ಪು ಹಸಿರು, ಬೆನ್ನಿಗೆ ಬೂದು ಬಿಳುಪು. ಕೆಲವು ಎಲೆಗಳ ಅಂಚಿನಲ್ಲಿ ಗರಗಸದಂತೆ ಹಲ್ಲು.

ಅದರ ಪಕ್ಕಕ್ಕೆ ಇನ್ನೊಂದು ಹಾಳೆ ಇಟ್ಟರು. ಕಾಲೇಜಿನ ದಿನಗಳಲ್ಲಿ ಹಿಮಾಲಯದ ಒಣ ಗುಡ್ಡವೊಂದರಿಂದ ತಂದ ಓಕ್ ಎಲೆ. ನನ್ನ ಕಣ್ಣಿಗೆ ಎರಡೂ ಅಣ್ಣತಮ್ಮಂದಿರ ಹಾಗೆ ಕಂಡವು. ಆ ಎಲೆಯ ಜೊತೆ ಒಂದು ಗಾಜಿನ ಶೀಷೆಯೂ ಇತ್ತು. ಅದರಲ್ಲಿ ಅದೇ ಓಕಿನ ಎಂಟು ಹತ್ತು ಹಳೆಯ ಕಾಯಿ.

"ಈ ದೇಶದ ಬೆಟ್ಟದಲ್ಲಿ ಓಕ್ ಇದೆ ಅಂತ ಯಾರೂ ಬರೆದಿಲ್ಲ," ಎಂದರು. "ನನಗನ್ನಿಸೋದು ಇದು ಕಾಡು ಆಲಿವ್ ಅಂತ. ಇಲ್ಲಿಯವರು ಅತಮ್ ಅಂತಾರಲ್ಲ, ಅದು. ಈ ಹಲ್ಲು ಹುಟ್ಟಿದ್ದಲ್ಲ, ಹುಳ ತಿಂದಿದ್ದು ಇರಬೇಕು. ಆದ್ರೆ ನೋಡ್ದೆ ಹೇಗೆ ಹೇಳಲಿ?"

ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ 'ಕಾಡು ಆಲಿವ್' ಎಂದು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಹಾಕಿದ್ದರು.

ನಿಮಗೂ ಬೆಟ್ಟದಲ್ಲಿ ಇಂಥ ಮರ ಎದುರಾದರೆ ಉಪಯೋಗಕ್ಕೆ ಬಂದೀತು, ಅವರು ಹೇಳಿದ್ದನ್ನು ಬರೆದುಬಿಡುತ್ತೇನೆ. ಉದುರಿದ ಎಲೆ ನಂಬಬೇಡಿ. ರೆಂಬೆ ಹಿಡಿದು, ಎಲೆಗಳು ಎಲ್ಲಿಂದ ಹೊರಟಿವೆ ನೋಡಿ. ಎರಡೆರಡು ಎಲೆ ಎದುರುಬದುರಾಗಿ ನಿಂತಿದ್ದರೆ ಅದು ಆಲಿವ್ ಇರಬಹುದು, ಓಕ್ ಅಂತೂ ಅಲ್ಲ. ಒಂದು ಈ ಕಡೆ, ಸ್ವಲ್ಪ ಮೇಲೆ ಇನ್ನೊಂದು ಆ ಕಡೆ, ಹೀಗೆ ಬಿಟ್ಟು ಬಿಟ್ಟು ಬಂದಿದ್ದರೆ ಓಕ್ ಇರಬಹುದು. ಆಮೇಲೆ ಕಾಯಿ. ಬುಡದಲ್ಲಿ ಬಟ್ಟಲಿನಂಥ ಟೋಪಿ ಹಾಕಿಕೊಂಡ ಕಾಯಿ ಸಿಕ್ಕಿತೋ ಅದು ಓಕ್, ಮಾತು ಮುಗಿಯಿತು. ಕಪ್ಪಗೆ, ಬಟಾಣಿಗಿಂತ ತುಸು ದೊಡ್ಡದಾಗಿ, ಒಳಗೆ ಗಟ್ಟಿ ಬೀಜ ಇದ್ದರೆ ಕಾಡು ಆಲಿವ್.

"ನಾಲ್ಕೆಲೆ ಇರೋ ಒಂದು ರೆಂಬೆ. ಕಾಯಿ ಸಿಕ್ರೆ ಕಾಯಿ. ಅಷ್ಟೇ," ಎಂದರು ಅಕ್ಕೋರು.

"ಇದೇನ್ ದೊಡ್ಡ ಕೆಲಸಾರಿ. ಮುಂದಿನ ವಾರ ನಿಮ್ಮ ಮೇಜಿನ ಮ್ಯಾಲ ಇರತೈತಿ."

ಅವರಿಗೆ ಅವಸರವೂ ಇತ್ತು. ಇಂಗ್ಲೆಂಡಿನಿಂದ ಬಂದು ಇಲ್ಲಿನ ಗಿಡಮರಗಳ ಪಟ್ಟಿ ಮಾಡುತ್ತಿದ್ದ ಒಬ್ಬ ತಜ್ಞರು ಅಕ್ಕೋರ ಆಲ್ಬಂ ನೋಡಿ ಮೆಚ್ಚಿದ್ದರು. ನಾಲ್ಕನ್ನೂ ತಮ್ಮ ಸಂಗ್ರಹಕ್ಕೆ ತೆಗೆದುಕೊಳ್ಳುವುದಾಗಿ ಒಪ್ಪಿದ್ದರು. ಪೆನ್ಸಿಲ್ ಉಳಿದಿದ್ದ ಪುಟಗಳು ಐದಾರು. ಎಲ್ಲವನ್ನೂ ಮುಗಿಸಿ ಕೊಡಬೇಕೆಂಬುದು ಅಕ್ಕೋರ ಆಸೆ. ಒಬ್ಬ ಮೇಷ್ಟ್ರಮ್ಮ ಇಪ್ಪತ್ತು ವರ್ಷ ಶುಕ್ರವಾರಗಳನ್ನು ಹಾಕಿ ಮಾಡಿದ್ದು ಈ ದೇಶದಲ್ಲಿ ಉಳಿಯುತ್ತದೆ ಎಂದು ಅವರ ಯಜಮಾನರು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ನಾನು ಮುಂದಿನ ವಾರ ತರಲಿಲ್ಲ. ಅದರ ಮುಂದಿನ ವಾರವೂ ತರಲಿಲ್ಲ. ಹೋಟೆಲಿನ ಕೆಲಸ ಮುಗಿಯುವ ಹಂತದಲ್ಲಿತ್ತು. ಇವತ್ತು ಬಚ್ಚಲಿನ ಟೈಲ್ಸು, ನಾಳೆ ಬಾಗಿಲ ಹಿಡಿಕೆ. ಆ ತಿರುವಿನಲ್ಲಿ ಪ್ರತಿ ಸಲ ಮರ ಕಾಣುತ್ತಿತ್ತು, ಪ್ರತಿ ಸಲ ವಾಪಸ್ ಬರುವಾಗ ನೋಡೋಣ ಎನ್ನುತ್ತಿದ್ದೆ. ವಾಪಸ್ ಬರುವಾಗ ಕಂಪನಿಯಿಂದ ಫೋನು. ಸೈಟಿನಲ್ಲಿ ಹಗ್ಗ ಕಟ್ಟಿಕೊಂಡು ಗೋಡೆಗೆ ಬಣ್ಣ ಹಚ್ಚುವ ಆರು ಜನ ಇದ್ದರು. ಒಬ್ಬನಿಗೆ ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಹತ್ತು ನಿಮಿಷ...

ಅಕ್ಕೋರು ಕೇಳುತ್ತಿರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ನನ್ನ ಕೈ ನೋಡುತ್ತಿದ್ದರು, ಅಷ್ಟೇ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಇಂಥ ಕಂಪನಿಯ ನಲ್ಲಿ ಹಾಕಬೇಕು ಎಂದು ನಕ್ಷೆಯಲ್ಲಿ ಬರೆದಿರುತ್ತಾರೆ, ಕೆಳಗೆ 'ಅಥವಾ ಅದಕ್ಕೆ ಸಮನಾದದ್ದು' ಎಂದೂ ಬರೆದಿರುತ್ತಾರೆ. ಆ ಎರಡನೆಯ ಸಾಲಿನ ಮೇಲೆಯೇ ನಾನು ಬದುಕು ಕಟ್ಟಿಕೊಂಡವನು. ಇಟಲಿಯ ಟೈಲ್ಸ್ ಬರಲು ಮೂರು ತಿಂಗಳು ಎಂದರೆ ಗುಜರಾತಿನ ಸಮನಾದದ್ದನ್ನು ಮೂರು ವಾರದಲ್ಲಿ ತರಿಸುತ್ತಿದ್ದೆ. ಕೆಲಸ ಕೊಟ್ಟವನಿಗೆ ಖುಷಿ, ಕಂಪನಿಗೆ ಖುಷಿ. ಅದರಲ್ಲಿ ಮೋಸವಿಲ್ಲ. ಯಾಕೆಂದರೆ ಕೊಡುವ ಮುಂಚೆ ಇಂಜಿನಿಯರ್ ನೋಡಿ, ಇದು ಬೇರೆ ಮಾಲು ಎಂದು ತಿಳಿದೇ ಸಹಿ ಹಾಕಿರುತ್ತಾನೆ. ಈ ಪದ್ಧತಿಯನ್ನು ನಾನು ಆಫೀಸಿನಿಂದ ಮನೆಗೂ ತಂದೆ, ಸಹಿಯೊಂದನ್ನು ಅಲ್ಲೇ ಬಿಟ್ಟು.

ಹೋಟೆಲು ಒಪ್ಪಿಸಿಕೊಟ್ಟ ದಿನ ಕೊನೆಯ ಸಲ ಬೆಟ್ಟ ಇಳಿದೆ. ಕೀಲಿಗೊಂಚಲು ಕೊಟ್ಟು, ಫೋಟೋ ತೆಗೆಸಿಕೊಂಡು, ಎಲ್ಲರ ಬೆನ್ನು ತಟ್ಟಿ ಬಂದ ಗುಂಗಿನಲ್ಲಿ ತಿರುವು ದಾಟಿದ್ದೇ ಗೊತ್ತಾಗಲಿಲ್ಲ. ನೆನಪಾದಾಗ ಬೆಟ್ಟದ ಕೆಳಗಿನ ನಿಜ್ವಾ ಪೇಟೆಯಲ್ಲಿದ್ದೆ, ಒಂದು ಅತ್ತಾರ್ ಅಂಗಡಿಯಲ್ಲಿ ಲೋಬಾನಕ್ಕೆ ಚೌಕಾಶಿ ಮಾಡುತ್ತ. ಅಲ್ಲಿ, ಮೊಣಕಾಲಿನ ಹತ್ತಿರದ ಚೀಲದಲ್ಲಿ, ಅಕ್ಕೋರ ಶೀಷೆಯಲ್ಲಿ ಕಂಡಂಥವೇ ಕಾಯಿಗಳು.

ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಯೋಚಿಸಿಯೇ ಮಾಡಿದೆ. ಅವರು ಬಾಯಲ್ಲಿ ಆಲಿವ್ ಎಂದರೂ ಮನಸ್ಸಿನಲ್ಲಿ ಓಕ್ ಆಗಲಿ ಎಂದಿರುತ್ತದೆ. ಯಾರೂ ಬರೆಯದ ಮರ ಇವರ ಪುಟದಲ್ಲಿ ಇದ್ದರೆ ಯಾರಿಗೆ ನಷ್ಟ? ಆ ಬಂಡೆಗೆ ಇಳಿದು ನೋಡುವವನು ಯಾವನು? ಮಗಳ ಋಣ ತೀರಿತು ಎಂದುಕೊಂಡೆ. ಅಂಗಡಿಯವನು ಇಷ್ಟಕ್ಕೆ ಏನು ತೂಕ ಎಂದು ಒಂದು ಹಿಡಿ ಹಾಗೇ ಕೊಟ್ಟ. ಅದರಲ್ಲಿ ಏಳನ್ನು ಆರಿಸಿದೆ. ಪೇಟೆಯ ಹೊಳಪು ಹೋಗಲೆಂದು ಪಾರ್ಕಿಂಗಿನ ಮಣ್ಣಿನಲ್ಲಿ ಉಜ್ಜಿದೆ. ಮಾಲಿನ ವಿಷಯದಲ್ಲಿ ನಾನು ಅಷ್ಟು ಎಚ್ಚರದವನು.

ಅಕ್ಕೋರು ಮನೆಯಲ್ಲಿರಲಿಲ್ಲ. ಪೇಪರಿನ ಪೊಟ್ಟಣ ಮಾಡಿ ಯಜಮಾನರ ಕೈಗೆ ಕೊಟ್ಟು, "ಆ ಮರದ ಬುಡದಾಗ ಸಿಕ್ಕುವ್ರಿ, ಅಕ್ಕೋರಿಗೆ ಕೊಡ್ರಿ" ಎಂದು ಇಳಿದುಬಂದೆ.

ಮಾರನೆಯ ದಿನ ಸ್ಕೂಲಿನಿಂದ ಬಂದವರು ಚಪ್ಪಲಿ ಸಹ ಬಿಚ್ಚದೆ ನಮ್ಮ ಬಾಗಿಲಿಗೆ ಬಂದರು.

"ಪೊಟ್ಟಣದಲ್ಲಿ ಇದ್ದದ್ದು ಆ ಮರದ ಕೆಳಗೆ ಸಿಕ್ಕಿದ್ದಾ?"

"ಹೌದ್ರಿ."

"ನೀವೇ ಹೆಕ್ಕಿದ್ದಾ? ಕೆಲಸದವರಲ್ಲ ತಾನೆ?"

"ನಾನ ಇಳದು ಹೆಕ್ಕೇನ್ರಿ ಅಕ್ಕೋರ."

"ಒಂದಕ್ಕೂ ಟೋಪಿ ಇಲ್ವಲ್ಲ ರೀ..."

"ಅಲ್ಲಿ ಗಾಳಿ ಭಾಳ ಐತ್ರಿ. ಹಾರಿ ಹೋಗಿರ್ತಾವ. ರೆಂಬಿ ಕೈಗೆ ಎಟುಕಲಿಲ್ಲ."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಅನುಮಾನದಿಂದ ಅಲ್ಲ. ಅವರ ಕಣ್ಣಲ್ಲಿ ನೀರು ತುಂಬಿತ್ತು. "ನಾನು ಆಲಿವ್ ಅಂತಲೇ ಅಂದ್ಕೊಂಡಿದ್ದೆ ಕಣ್ರೀ," ಎಂದರು. "ಎಷ್ಟು ದೊಡ್ಡ ತಪ್ಪು ಮಾಡ್ತಿದ್ದೆ ನೋಡಿ."

ಆ ರಾತ್ರಿ ಊಟ ಚೆನ್ನಾಗಿ ಸೇರಿತು ನನಗೆ. ಅದನ್ನೂ ಬರೆಯಬೇಕು.

ಪೆನ್ಸಿಲ್ಲಿನ ಹೆಸರನ್ನು ಅಳಿಸಿ ಶಾಯಿಯಲ್ಲಿ ಓಕ್ ಎಂದು ಬರೆದರು. ತಜ್ಞರಿಗೆ ಪತ್ರ ಹೋಯಿತು, ಜೊತೆಗೆ ಎರಡು ಕಾಯಿಯೂ. ಅವರು ಆಲ್ಬಮ್ಮಿನಲ್ಲೇ ನೋಡೋಣ ಎನ್ನುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಇಂಥ ವಿಷಯಕ್ಕೆ ಜನ ಓಡಿಬರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಮುಂದಿನ ಶನಿವಾರವೇ ಬೆಟ್ಟಕ್ಕೆ ಹೋಗಬೇಕು ಎಂದು ತಜ್ಞರು ಹೇಳಿಕಳಿಸಿದರು. ಚೆಕ್‌ಪೋಸ್ಟಿನಲ್ಲಿ ಫೋರ್ ವೀಲ್ ಇಲ್ಲದೆ ಬಿಡುವುದಿಲ್ಲ. ನನ್ನ ಹತ್ತಿರ ಕಂಪನಿಯ ಪ್ರಾಡೋ ಇತ್ತು. ಅಕ್ಕೋರು ಕೇಳಿದರು. ಬರುವುದಿಲ್ಲ ಎನ್ನಲು ನೆಪ ಹುಡುಕಿದೆ, ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದಲೇ, "ಹೋಗಿ ಬರ್ತಾರ್ ತಗೋರಿ, ಅವರಿಗೇನ್ ಕೆಲಸೈತಿ ಶನಿವಾರ" ಎಂದುಬಿಟ್ಟಳು.

ತಜ್ಞರು ಅರವತ್ತರ ಆಸುಪಾಸಿನವರು, ತೆಳ್ಳಗಿನ ಆಳು. ಹಗ್ಗದ ಒಂದು ತುದಿಯನ್ನು ನನ್ನ ಗಾಡಿಯ ಮುಂದಿನ ಕೊಕ್ಕೆಗೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ನಿಧಾನವಾಗಿ ಇಳಿದರು. ಅಕ್ಕೋರು ಕಟ್ಟೆ ಹಿಡಿದು ಬಗ್ಗಿ ನೋಡುತ್ತಿದ್ದರು. ಹೊಸ ಕಾಟನ್ ಸೀರೆ ಉಟ್ಟಿದ್ದರು, ಅದಕ್ಕೆ ಸ್ಪೋರ್ಟ್ಸ್ ಶೂ. ನಾನು ಬಾನೆಟ್ಟಿನ ಪಕ್ಕದಲ್ಲಿ ಹಗ್ಗ ನೋಡಿಕೊಳ್ಳುವವನಂತೆ ನಿಂತಿದ್ದೆ.

ತಜ್ಞರು ಮೇಲೆ ಬಂದರು. ಕತ್ತರಿಸಿ ತಂದ ರೆಂಬೆಯನ್ನು ಅಕ್ಕೋರ ಕೈಗೆ ಕೊಟ್ಟರು. ಎಲೆಗಳು ಎರಡೆರಡಾಗಿ, ಒಂದರ ಮುಖಕ್ಕೆ ಒಂದು ನಿಂತಿದ್ದವು. ತುದಿಯಲ್ಲಿ ಸುಕ್ಕುಗಟ್ಟಿದ ನಾಲ್ಕು ಕಪ್ಪು ಕಾಯಿ. ಅಕ್ಕೋರು ರೆಂಬೆಯ ಮೇಲೆ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಒಂದೊಂದೇ ಜೋಡಿ ಮುಟ್ಟುತ್ತ ಒಯ್ದರು.

"ಎದುರೆದುರು," ಎಂದರು, ಕನ್ನಡದಲ್ಲಿ, ತಮಗೇ ಎಂಬಂತೆ.

ತಜ್ಞರು ಮೆತ್ತಗಿನ ಮನುಷ್ಯ. ರಸ್ತೆಯಿಂದ ನೋಡಿದರೆ ತಮಗೂ ಆಸೆ ಹುಟ್ಟುತ್ತಿತ್ತು, ಎಲೆಯ ಅಂಚನ್ನು ಹುಳ ಹಾಗೆ ತಿಂದಿದೆ ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ಆಮೇಲೆ, ನೋಯಿಸುವ ಉದ್ದೇಶವಿಲ್ಲದೆ, ಕೇಳಲೇಬೇಕಾದ್ದನ್ನು ಕೇಳಿದರು. ಹಾಗಾದರೆ ನೀವು ಕಳಿಸಿದ ಓಕ್ ಕಾಯಿಗಳು ಎಲ್ಲಿಂದ ಬಂದವು?

ಆಗ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬೈಯುತ್ತಿದ್ದರು, ನಾಲ್ಕು ದಿನ ಮಾತು ಬಿಡುತ್ತಿದ್ದರು, ಬಿಲ್ಡಿಂಗಿನವರು ನಕ್ಕುಬಿಡುತ್ತಿದ್ದರು. ಆದರೆ ನನಗೆ ಇಪ್ಪತ್ತೈದು ವರ್ಷದ ಒಂದು ಅಭ್ಯಾಸವಿತ್ತು. ಚೌಕಾಶಿಗೆ ಕೂತಾಗ ಮೊದಲು ಬಾಯಿ ಬಿಟ್ಟವನು ಸೋಲುತ್ತಾನೆ. ಸುಮ್ಮನಿರಬೇಕು, ಎದುರಿನವರೇ ಕೆಳಗಿಳಿದು ಬರುತ್ತಾರೆ. ಇದನ್ನು ನಾನು ಎಷ್ಟೋ ಜನ ಹುಡುಗರಿಗೆ ಕಲಿಸಿದ್ದೇನೆ. ಸುಮ್ಮನಿದ್ದೆ. ಹಗ್ಗ ಸುತ್ತುತ್ತ ನೆಲ ನೋಡಿದೆ.

ಅಕ್ಕೋರು ಮೊದಲು ಬಾಯಿ ಬಿಟ್ಟರು. ತಪ್ಪು ತಮ್ಮದೇ ಇರಬೇಕು ಎಂದರು. ಹೋಲಿಸಿ ನೋಡಲು ಅವತ್ತೇ ಮೇಜಿನ ಮೇಲೆ ನನ್ನ ಹಳೆಯ ಶೀಷೆಯನ್ನೂ ಸುರಿದುಕೊಂಡಿದ್ದೆ, ಯಾವುದು ಯಾವುದಕ್ಕೋ ಬೆರೆತಿದೆ, ಇವರು ತಂದದ್ದನ್ನು ಕಸಕ್ಕೆ ಹಾಕಿ ನನ್ನ ಹಳೆಯದನ್ನೇ ಹೊಸದೆಂದುಕೊಂಡಿದ್ದೇನೆ ಎಂದು ತಜ್ಞರಿಗೆ ವಿವರಿಸಿದರು. "ಇವರು ಬಹಳ ಎಚ್ಚರದ ಮನುಷ್ಯ," ಎಂದು ನನ್ನ ಕಡೆ ತೋರಿಸಿ ಹೇಳಿದರು.

ಇಳಿಯುವಾಗ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅವರು ಕನ್ನಡದಲ್ಲಿ ನನ್ನನ್ನು ಕೇಳಿದರು.

"ನೀವು ತಂದದ್ದು ಕಪ್ಪಗೆ, ಸುಕ್ಕಾಗಿ, ಸಣ್ಣಗೆ ಇತ್ತಾ? ಇವತ್ತು ನೋಡಿದ್ರಲ್ಲ, ಈ ಥರ?"

ನನಗಾಗಿ ಎರಡನೆಯ ಸಲ ಬಾಗಿಲು ತೆರೆದಿಟ್ಟ ಹಾಗಿತ್ತು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ನಾನು ಕನ್ನಡಿಯಿಂದ ಕಣ್ಣು ತೆಗೆದು, "ಇರಬಹುದ್ರಿ ಅಕ್ಕೋರ," ಎಂದೆ. "ನಾ ಅಷ್ಟು ನೋಡ್ಲಿಲ್ಲ."

"ಹಾಗಾದ್ರೆ ಸರಿ," ಎಂದರು. "ಬೆರಕೆ ನನ್ನ ಕೈಲೇ ಆಗಿದೆ. ವಯಸ್ಸಾಯ್ತು."

"ಆಗತೈತ್ ಬಿಡ್ರಿ. ಯಾರಿಗ್ ಆಗೂದಿಲ್ಲ."

ನಾನು ಜೀವನದಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ವಾಪಸ್ ತೆಗೆದುಕೊಳ್ಳಬಹುದು ಎಂದರೆ ಪೊಟ್ಟಣ ಕೊಡುವಾಗಿನ ಸುಳ್ಳನ್ನು ಬಿಟ್ಟು ಈ ಸಮಾಧಾನದ ಮಾತನ್ನು ತೆಗೆದುಕೊಳ್ಳುತ್ತೇನೆ.

ತಜ್ಞರು ಆಲ್ಬಂ ಬೇಡ ಎನ್ನಲಿಲ್ಲ. ಎಲ್ಲ ಪುಟಗಳನ್ನೂ ಇನ್ನೊಮ್ಮೆ ಕೂತು ನೋಡಿಬಿಡೋಣ ಎಂದರಂತೆ. ಒಪ್ಪಿಸಲೆಂದು ಒಯ್ದಿದ್ದನ್ನು ಅಕ್ಕೋರೇ ವಾಪಸ್ ತಂದರು. ಮೂರು ಆಲ್ಬಂಗಳನ್ನು ಯಜಮಾನರು ಎರಡು ಸಲ ಮೆಟ್ಟಿಲು ಹತ್ತಿ ಮೇಲೆ ಒಯ್ದರು, ಅವತ್ತು ಲಿಫ್ಟ್ ಕೆಟ್ಟಿತ್ತು. ನಾಲ್ಕನೆಯದನ್ನು ನಾನು ಹಿಡಿದುಕೊಂಡು ಸಹಾಯ ಮಾಡಿದೆ.

ಆಮೇಲೆ ಶುಕ್ರವಾರ ಅವರ ಕಾರು ಪಾರ್ಕಿಂಗಿನಲ್ಲೇ ಇರತೊಡಗಿತು. ರಜೆಗೆ ಬಂದ ಮಗಳ ಕೈಯಲ್ಲಿ ಯಾವುದೋ ಎಲೆ ಇತ್ತು. ಹಳೆಯ ಸಲಿಗೆಯಲ್ಲಿ ಮೇಲೆ ಓಡಿದಳು, ಐದು ನಿಮಿಷಕ್ಕೆ ಇಳಿದು ಬಂದಳು. "ಆಂಟಿ ಗೂಗಲ್ ಮಾಡಿ ನೋಡು ಅಂದ್ರು ಪಪ್ಪಾ. ಶೀ ನೆವರ್ ಸೇಸ್ ದಟ್," ಎಂದಳು. ನಾನು ಟೀವಿಯ ದನಿ ಜೋರು ಮಾಡಿದೆ. ಇನ್ನೂ ಮೂರು ವರ್ಷ ಸರ್ವಿಸ್ ಇರುವಾಗಲೇ ಅಕ್ಕೋರು ರಾಜೀನಾಮೆ ಕೊಟ್ಟರು. ಲ್ಯಾಬಿನ ಶೀಷೆಗಳಿಗೆ ಚೀಟಿ ಅಂಟಿಸಲು ಹೆದರಿಕೆ ಎನ್ನುತ್ತಾಳೆ ಎಂದು ಯಜಮಾನರು ನನ್ನ ಹೆಂಡತಿಯ ಹತ್ತಿರ ಹೇಳಿದ್ದರಂತೆ.

ಅವರು ಊರಿಗೆ ಹೊರಟಾಗ ಕಾರ್ಗೋ ವ್ಯವಸ್ಥೆ ನಾನೇ ಮಾಡಿದೆ. ಗಟ್ಟಿ ಡಬ್ಬ ತರಿಸಿದೆ, ಮೂಲೆಗೆ ಥರ್ಮೋಕೋಲ್ ಇಡಿಸಿದೆ, ಆಲ್ಬಂಗಳಿಗೆ ಎರಡು ಸುತ್ತು ಪ್ಲಾಸ್ಟಿಕ್ ಹೊದಿಸಿದೆ. ಕೈಯಲ್ಲಿ ಆಗುವುದೆಲ್ಲವನ್ನೂ ಮಾಡಿದೆ, ಬಾಯಲ್ಲಿ ಆಗುವುದೊಂದನ್ನು ಬಿಟ್ಟು. ಏರ್‌ಪೋರ್ಟಿನಲ್ಲಿ ಅಕ್ಕೋರು, "ನಿಮ್ಮಷ್ಟು ಯಾರೂ ಮಾಡ್ಲಿಲ್ಲ ನಮಗೆ" ಎಂದರು...

ಎರಡು ವರ್ಷದ ಹಿಂದೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಮೈಸೂರಿನಲ್ಲಿ ಅಕ್ಕೋರು ತೀರಿಕೊಂಡಿದ್ದರು. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು. ನಾನೂ ಹಾಕಿದೆ.

ಈಗ ನನ್ನದೇ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಬರ್ಕಾದಲ್ಲಿದೆ. ಗುರುವಾರ ಆ ಚೀಲ ನೋಡಿದ ಮೇಲೆ ಗಾಡಿಯಲ್ಲಿ ಎಷ್ಟು ಹೊತ್ತು ಕುಳಿತಿದ್ದೆನೋ. ಹಿಂದೆ ನಿಂತವನು ಎರಡು ಸಲ ಹಾರ್ನ್ ಹೊಡೆದ. ಗಾಡಿಯನ್ನು ಪಕ್ಕಕ್ಕೆ ಹಾಕಿ ಮೈಸೂರಿಗೆ ಫೋನ್ ಮಾಡಿದೆ. ಅಕ್ಕೋರ ಯಜಮಾನರು ಎತ್ತಿದರು. ಕುಶಲ ಕೇಳಿದರು, ಮಗಳ ಮಗುವಿಗೆ ಎಷ್ಟು ತಿಂಗಳು ಎಂದರು. ನಾನು ನಡುವೆಯೇ ತಡೆದು, ನಿಜ್ವಾದ ಅಂಗಡಿಯಿಂದ ಹಿಡಿದು ಬೆಟ್ಟ ಇಳಿಯುವಾಗಿನ ಮಾತಿನವರೆಗೆ ಎಲ್ಲವನ್ನೂ ಹೇಳಿದೆ.

ಲೈನ್ ಕಟ್ಟಾಯಿತೇನೋ ಎಂದು, "ಸರ್ರ?" ಎಂದೆ.

"ಇದ್ದೀನಿ," ಎಂದರು. "ಇಲ್ಲಿಗೆ ಬಂದ ಮೇಲೆ ಅವಳು ಒಂದು ಅಭ್ಯಾಸ ಮಾಡ್ಕೊಂಡಿದ್ಲು ರೀ. ಹಿತ್ತಲಲ್ಲಿ ನಮ್ಮದೇ ಕರಿಬೇವಿನ ಗಿಡ ಇದೆ. ಒಗ್ಗರಣೆಗೆ ಕಿತ್ಕೊಂಡು ಬಂದು, ಬಾಣಲೆಗೆ ಹಾಕೋ ಮುಂಚೆ ನನ್ನ ಮೂಗಿನ ಹತ್ರ ಹಿಡಿಯೋಳು. ನೋಡಿ, ಇದು ಕರಿಬೇವೇ ತಾನೆ ಅಂತ. ದಿನಾ. ನಾನು ತಮಾಷೆ ಮಾಡ್ತಿದ್ದೆ. ಬಾಟನಿ ಮೇಡಮ್ಮಿಗೆ ಕರಿಬೇವು ಗೊತ್ತಾಗಲ್ವೇನಮ್ಮಾ ಅಂತ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಒಂದು ಹೇಳಿ," ಎಂದರು ಅವರು. "ಹಾಗಾದ್ರೆ ಬೆರಕೆ ಅವಳ ಕೈಲಿ ಆಗಿರ್ಲಿಲ್ಲ, ಅವಳು ಮೊದಲು ಪೆನ್ಸಿಲ್ಲಲ್ಲಿ ಬರೆದಿದ್ದೇ ಸರಿಯಿತ್ತಾ?"

"ಸರಿ ಇತ್ರಿ. ಮೊದಲಿಂದನೂ ಸರಿ ಇತ್ತು."

"ಅಷ್ಟು ಹೇಳಿದ್ರೆ ಸಾಕಿತ್ತಲ್ಲ ರೀ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮಿಕ್ಕಿದ್ದೆಲ್ಲ ಯಾರಿಗೆ ಬೇಕಿತ್ತು. ಅಷ್ಟು ಹೇಳಿದ್ರೆ ಸಾಕಿತ್ತು ಅವಳಿಗೆ."

ಯಾರೋ ಗೇಟು ಬಡಿಯುತ್ತಿದ್ದಾರೆ, ಇಡುತ್ತೇನೆ ಎಂದರು. ಗೇಟಿನ ಸದ್ದು ನನಗೆ ಕೇಳಲಿಲ್ಲ. ಮತ್ತೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ವಾರ ಕಳೆಯಿತು, ನಾಳೆ ಮತ್ತೆ ಶುಕ್ರವಾರ. ಬೆಟ್ಟಕ್ಕೆ ಹೋಗಿ ಆ ಮರ ಇದೆಯೋ ಇಲ್ಲವೋ ನೋಡಿ ಬರಬಹುದು, ಎರಡು ತಾಸಿನ ದಾರಿ. ಇದ್ದರೆ ಏನು ಮಾಡಲಿ, ರೆಂಬೆ ಕಿತ್ತು ತಂದರೆ ಯಾರ ಕೈಗೆ ಕೊಡಲಿ...